ಸೊಂಟಕ್ಕೆ ಯಾವುದು, ಜೇಬಿಗೆ ಯಾವುದು: ಡ್ಯೂಟಿಗೆ ಹೊರಡುವ ಹೊಸಬರಿಗೆ

ನನ್ನ ತಂಗಿಯ ಮಗಳು ಪೊಲೀಸ್ ಟ್ರೇನಿಂಗ್ ಮುಗಿಸಿ ಬೆಂಗಳೂರಿನ ಒಂದು ಠಾಣೆಗೆ ಬಂದು ಮೂರು ವಾರ ಆಗಿತ್ತು. ಒಂದು ರಾತ್ರಿ ಮನೆಗೆ ಬಂದವಳೇ ಶೂ ಕೂಡ ಬಿಚ್ಚದೆ ಸೋಫಾ ಮೇಲೆ ಬಿದ್ದುಕೊಂಡಳು. "ದೊಡ್ಡಮ್ಮಾ, ಸೊಂಟ ಬಿದ್ದೋಯ್ತು" ಅಂದಳು. ಅವಳ ಬೆಲ್ಟ್ ಎತ್ತಿ ನೋಡಿದೆ. ಬಲಗಡೆ ವಾಕಿಟಾಕಿ, ಬಲಗಡೆಯೇ ಟಾರ್ಚು. ಪ್ಯಾಂಟಿನ ಬಲ ಜೇಬಿನಲ್ಲೇ ಮೊಬೈಲು, ಅದರ ಜೊತೆಗೆ ಇಟ್ಟಿಗೆಯಂಥ ಪವರ್ ಬ್ಯಾಂಕು. ಎಡಗಡೆ ಪೂರ್ತಿ ಖಾಲಿ. ಹೀಗೆ ಕಟ್ಟಿಕೊಂಡು ಹನ್ನೆರಡು ಗಂಟೆ ನಿಂತರೆ ಎತ್ತಿನ ಸೊಂಟ ಆದರೂ ಬೀಳುತ್ತದೆ.

ನಾನು 32 ವರ್ಷ ಇದೇ ಊರಲ್ಲಿ ಡ್ಯೂಟಿ ಮಾಡಿ, ಎಎಸ್ಐ (ಅಸಿಸ್ಟೆಂಟ್ ಸಬ್ ಇನ್ಸ್‌ಪೆಕ್ಟರ್) ಆಗಿ ನಿವೃತ್ತಿಯಾದವಳು. ಅರ್ಧ ಸರ್ವೀಸು ಟ್ರಾಫಿಕ್, ಇನ್ನರ್ಧ ಲಾ ಅಂಡ್ ಆರ್ಡರ್. ಅವತ್ತು ಊಟ ಆದ ಮೇಲೆ ಅವಳ ಸಾಮಾನನ್ನೆಲ್ಲ ಚಾಪೆ ಮೇಲೆ ಹರಡಿ, ಯಾವುದನ್ನು ಎಲ್ಲಿ ಇಡಬೇಕು, ಹೇಗೆ ಹಿಡಿಯಬೇಕು ಅಂತ ಹೇಳಿಕೊಟ್ಟೆ. ಅದನ್ನೇ ಇಲ್ಲಿ ಬರೆದಿದ್ದೇನೆ. ಹೊಸದಾಗಿ ಸೇರಿದವರಿಗೆ, ಸೇರಬೇಕು ಅಂತ ಪರೀಕ್ಷೆಗೆ ಓದುತ್ತಿರುವವರಿಗೆ ಉಪಯೋಗ ಆದೀತು. ಸಿಗ್ನಲ್ಲಿನಲ್ಲಿ ನಿಂತ ಪೊಲೀಸರ ಮೈಮೇಲೆ ಅದೇನೇನು ನೇತಾಡುತ್ತಿರುತ್ತದೆ ಅಂತ ಕುತೂಹಲ ಇರುವವರೂ ಓದಬಹುದು.

ನನ್ನ ಲೆಕ್ಕ ಒಂದೇ. ಕಣ್ಣು ಜನರ ಮೇಲಿರಬೇಕು, ಸಾಮಾನು ಕೈಗೆ ತಾನಾಗಿ ಸಿಗಬೇಕು. ಎದುರಿಗೆ ಒಬ್ಬ ಕುಡಿದು ನಿಂತಿದ್ದಾನೆ ಅಂದುಕೊಳ್ಳಿ. ಆಗ ನೀವು ತಲೆ ತಗ್ಗಿಸಿ ಸೊಂಟದಲ್ಲಿ ಏನೋ ತಡಕಾಡಿದಿರೋ, ಕೆಲಸ ಕೆಟ್ಟ ಹಾಗೆಯೇ. ಅದಕ್ಕೆ ಮನೆಯಲ್ಲೇ ಅಭ್ಯಾಸ ಮಾಡಬೇಕು. ಎಲ್ಲ ಕಟ್ಟಿಕೊಂಡು ಕಣ್ಣು ಮುಚ್ಚಿ ನಿಲ್ಲಿ. ಯಾರಾದರೂ "ಸೀಟಿ" ಅಂದರೆ ಸೀಟಿ ಬರಬೇಕು, "ಪುಸ್ತಕ" ಅಂದರೆ ಪುಸ್ತಕ ಬರಬೇಕು. ನಮ್ಮ ಹುಡುಗಿಗೆ "ವಾಕಿ" ಅಂದೆ. ಟಾರ್ಚ್ ತೆಗೆದು ಬಾಯಿ ಹತ್ತಿರ ಇಟ್ಟುಕೊಂಡಳು. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಬಲಗೈ ಬಳಸುವವರು ಬಲಗೈಯನ್ನು ಖಾಲಿ ಬಿಡಬೇಕು. ಗಾಡಿ ನಿಲ್ಲಿಸೋದು, ಬಿದ್ದವರನ್ನು ಎತ್ತೋದು, ಬರೆಯೋದು ಎಲ್ಲ ಅದರದೇ ಕೆಲಸ. ಹಾಗಾಗಿ ವಾಕಿ ಎಡಗಡೆಗೆ. ಟಾರ್ಚ್ ಬಲಗಡೆ ಸ್ವಲ್ಪ ಹಿಂದಕ್ಕೆ, ಕೂತಾಗ ಹೊಟ್ಟೆಗೆ ಚುಚ್ಚದ ಹಾಗೆ. ಪವರ್ ಬ್ಯಾಂಕ್ ಮೈಮೇಲೆ ಬೇಡವೇ ಬೇಡ, ಬ್ಯಾಗಿನಲ್ಲಿರಲಿ. ಬೆನ್ನುಮೂಳೆಯ ಮೇಲೆ ನೇರವಾಗಿ ಏನನ್ನೂ ಸಿಕ್ಕಿಸಬೇಡಿ. ಬೈಕಿನಿಂದ ಬಿದ್ದರೆ ಪೆಟ್ಟು ಅದೇ ಜಾಗಕ್ಕೆ.

ಈಗಿನ ಹೆಣ್ಣುಮಕ್ಕಳಿಗೆ ಇದೆಲ್ಲ ಹೇಳುವಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ನಾನು ಸೇರಿದಾಗ ಖಾಕಿ ಸೀರೆ. ಜೇಬು ಅನ್ನೋದೇ ಇಲ್ಲ. ಪುಸ್ತಕ ಕಂಕುಳಲ್ಲಿ, ಪೆನ್ನು ರವಿಕೆಗೆ, ಚಿಲ್ಲರೆ ಕರ್ಚೀಫಿನ ಗಂಟಿನಲ್ಲಿ. ಕಳ್ಳನ ಹಿಂದೆ ಓಡೋದಿರಲಿ, ಬಿಎಂಟಿಸಿ ಬಸ್ಸು ಹತ್ತುವಾಗ ನೆರಿಗೆ ಕಾಲಿಗೆ ಸಿಕ್ಕದಿದ್ದರೆ ಅದೇ ದೊಡ್ಡದು. 2018ರ ಅಕ್ಟೋಬರ್‌ನಲ್ಲಿ, ನೀಲಮಣಿ ರಾಜು ಅವರು ಡಿಜಿಪಿ ಆಗಿದ್ದಾಗ, ಮಹಿಳಾ ಸಿಬ್ಬಂದಿಯೆಲ್ಲ ಡ್ಯೂಟಿಯಲ್ಲಿ ಪ್ಯಾಂಟು ಶರ್ಟೇ ಹಾಕಬೇಕು ಅಂತ ಸುತ್ತೋಲೆ ಬಂತು. ಈ ರಾಜ್ಯದ ಪೊಲೀಸ್ ಪಡೆಗೆ ಮುಖ್ಯಸ್ಥರಾದ ಮೊದಲ ಮಹಿಳೆ ಅವರು. ಕೆಲವರು ಗೊಣಗಿದರು. ನಾನಂತೂ ಮಾರನೇ ದಿನವೇ ಟೈಲರ್ ಹತ್ತಿರ ಹೋಗಿ, "ಜೇಬು ಆಳವಾಗಿರಲಿ ಅಣ್ಣಾ, ಅಂಗೈ ಪೂರ್ತಿ ಇಳೀಬೇಕು" ಅಂದೆ. ನೀವೂ ಹಾಗೇ ಹೇಳಿ ಹೊಲಿಸಿ. ಹೆಂಗಸರ ಪ್ಯಾಂಟು ಅಂದ ಕೂಡಲೇ ಟೈಲರುಗಳು ಜೇಬನ್ನು ನಾಮಕಾವಾಸ್ತೆ ಹೊಲಿದುಬಿಡುತ್ತಾರೆ.

ಇನ್ನೊಂದು ವಿಷಯ ಯಾವ ಟ್ರೇನಿಂಗ್‌ನಲ್ಲೂ ಹೇಳಿಕೊಡೋದಿಲ್ಲ. ಶೌಚಾಲಯಕ್ಕೆ ಹೋಗುವಾಗ ಬೆಲ್ಟು ಏನು ಮಾಡೋದು? ಬಂದೋಬಸ್ತಿನ ಜಾಗದಲ್ಲಿ ಸಿಗುವ ಶೌಚಾಲಯದಲ್ಲಿ ಒಂದು ಮೊಳೆ ಕೂಡ ಇರೋದಿಲ್ಲ. ನೆಲವಂತೂ ಒದ್ದೆ. ವಾಕಿಯನ್ನು ಜೊತೆಯವರ ಕೈಗೆ ಕೊಟ್ಟು ಹೋಗಬೇಕು. ಬೆಲ್ಟ್ ಬಿಚ್ಚಿ, ಮತ್ತೆ ಬಕಲ್ ಹಾಕಿ, ಹಾರದ ಹಾಗೆ ಕುತ್ತಿಗೆಗೆ ಹಾಕಿಕೊಳ್ಳಬೇಕು. ನೋಡೋಕೆ ತಮಾಷೆ ಅನ್ನಿಸಬಹುದು. ಆದರೆ ಸರ್ಕಾರಿ ವಾಕಿ ಕಮೋಡಿಗೆ ಬಿದ್ದರೆ ಮೆಮೋ ಬರುತ್ತದೆ, ಅದರಲ್ಲಿ ತಮಾಷೆ ಇರೋದಿಲ್ಲ.

ವಾಕಿಯ ವಿಷಯಕ್ಕೆ ಬರುತ್ತೇನೆ. ಇಡೀ ಸಾಮಾನಿನಲ್ಲಿ ಜೀವ ಉಳಿಸೋದೂ ಅದೇ, ಮಾನ ಕಳೆಯೋದೂ ಅದೇ. ಅದರ ಪಕ್ಕದಲ್ಲಿ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿ ಹಿಡಿದಾಗ ನೀವು ಮಾತಾಡೋದು, ಬಿಟ್ಟಾಗ ಕೇಳೋದು. ಒಬ್ಬರು ಒತ್ತಿ ಹಿಡಿದಿದ್ದರೆ ಆ ಚಾನಲ್ಲಿನಲ್ಲಿ ಬೇರೆ ಯಾರೂ ಸರಿಯಾಗಿ ಮಾತಾಡೋಕೆ ಆಗೋದಿಲ್ಲ. ಇದನ್ನು ನಾನು ಕಲಿತದ್ದು ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ. ಕಾರ್ತಿಕದ ಕೊನೇ ಸೋಮವಾರ, ಬುಲ್ ಟೆಂಪಲ್ ರೋಡಿನಲ್ಲಿ ಕಾಲಿಡೋಕೆ ಜಾಗ ಇಲ್ಲ. ಸಂಜೆ ಹನಿ ಶುರುವಾಯಿತು. ವಾಕಿ ನೆನೆಯಬಾರದು ಅಂತ ಬೆಲ್ಟಿನಿಂದ ತೆಗೆದು ರೇನ್‌ಕೋಟಿನ ಒಳಗೆ ತುರುಕಿ, ಮೇಲೆ ಗಟ್ಟಿಯಾಗಿ ಗುಂಡಿ ಹಾಕಿಕೊಂಡೆ. ಆಮೇಲೆ ಒಬ್ಬ ಅಜ್ಜಿಯ ಮುಂದೆ ಕೂತು ಚೌಕಾಸಿ ಶುರು ಮಾಡಿದೆ. "ಏನಜ್ಜಿ, ಸೇರಿಗೆ ಇಷ್ಟೊಂದು ಹೇಳ್ತೀಯ? ಕೊನೆಗೆ ಒಂದು ಹಿಡಿ ಕೊಸರು ಹಾಕು." ಅಜ್ಜಿ, "ಪೊಲೀಸಮ್ಮ ಆದ್ರೇನು, ಕಡ್ಲೇಕಾಯಿ ಬಿಟ್ಟಿ ಬರುತ್ತಾ?" ಅಂದರು. ಐದು ನಿಮಿಷ ಆದ ಮೇಲೆ ನಮ್ಮ ಹೆಡ್ ಕಾನ್‌ಸ್ಟೇಬಲ್ ಜನರನ್ನು ಸೀಳಿಕೊಂಡು ಓಡಿ ಬಂದರು. ರೇನ್‌ಕೋಟಿನ ಒಳಗೆ ವಾಕಿಯ ಗುಂಡಿ ಒತ್ತಿಕೊಂಡು, ನನ್ನ ವ್ಯಾಪಾರ ಅಷ್ಟೂ ಚಾನಲ್ಲಿಗೆಲ್ಲ ಕೇಳಿಸಿತ್ತು.

ನಗು ಬರುತ್ತೆ ಅಲ್ವಾ? ಆದರೆ ಅದೇ ಐದು ನಿಮಿಷದಲ್ಲಿ ದೇವಸ್ಥಾನದ ಬಾಗಿಲ ಹತ್ತಿರ ನಾಲ್ಕು ವರ್ಷದ ಮಗುವೊಂದು ತಪ್ಪಿಸಿಕೊಂಡಿತ್ತು. ಅಲ್ಲಿದ್ದವರು ಎಷ್ಟು ಕೂಗಿದರೂ ಮಾತು ಹೋಗುತ್ತಿರಲಿಲ್ಲ. ಮಗು ಆಮೇಲೆ ಬತ್ತಾಸಿನ ಅಂಗಡಿ ಮುಂದೆ ಸಿಕ್ಕಿತು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಅಂದಿನಿಂದ ನನ್ನ ಪದ್ಧತಿ ಹೀಗೆ. ವಾಕಿಯ ಗುಂಡಿ ಯಾವತ್ತೂ ಹೊರಮುಖಕ್ಕೆ ಇರಬೇಕು, ಮೈಗಾಗಲಿ ಬಟ್ಟೆಗಾಗಲಿ ಒತ್ತಬಾರದು. ಮಳೆಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿ, ರೇನ್‌ಕೋಟಿನ ಮೇಲೇ ಸಿಕ್ಕಿಸಬೇಕು. ಏಂಟೆನಾ ಹಿಡಿದು ಎತ್ತಬೇಡಿ, ಬುಡ ಸಡಿಲ ಆಗುತ್ತದೆ. ಡ್ಯೂಟಿಗೆ ತಗೊಳ್ಳುವಾಗ ಬ್ಯಾಟರಿ ನೋಡಿ, ಚಾನಲ್ ನೋಡಿ, ಒಂದು ಸಲ ಕರೆದು ಉತ್ತರ ಬಂತಾ ಅಂತ ಖಾತ್ರಿ ಮಾಡಿಕೊಂಡು ಆಮೇಲೆ ರಿಜಿಸ್ಟರಿಗೆ ಸಹಿ ಹಾಕಿ. ಮಾತಾಡುವಾಗ ಗುಂಡಿ ಒತ್ತಿದ ಕೂಡಲೇ ಬಾಯಿ ಬಿಡಬೇಡಿ. ಒಂದು ಕ್ಷಣ ತಡೆಯಿರಿ, ಇಲ್ಲದಿದ್ದರೆ ಮೊದಲನೇ ಪದ ನುಂಗಿಹೋಗುತ್ತದೆ. ಮೊದಲು ಜಾಗ ಹೇಳಿ, ಆಮೇಲೆ ಏನಾಯಿತು ಅಂತ ಹೇಳಿ. "ಸರ್ ಇಲ್ಲಿ ಗಲಾಟೆ ಸರ್, ಜಾಸ್ತಿ ಜನ ಸರ್" ಅಂದರೆ ಗಸ್ತಿನ ಹೊಯ್ಸಳ ಗಾಡಿ ಬರೋದಾದರೂ ಎಲ್ಲಿಗೆ?

ಸೀಟಿಗೆ ಬ್ಯಾಟರಿ ಬೇಡ, ನೆಟ್‌ವರ್ಕ್ ಬೇಡ. ಅದಕ್ಕೇ ನನಗೆ ಅದರ ಮೇಲೆ ಪ್ರೀತಿ ಜಾಸ್ತಿ. ಟ್ರೇನಿಂಗ್‌ನಲ್ಲಿ ನಮಗೆ ಹೇಳಿಕೊಟ್ಟದ್ದು: ನಿಲ್ಲಿಸೋಕೆ ಒಂದು ಉದ್ದ, ಬಿಡೋಕೆ ಎರಡು ಗಿಡ್ಡ. ಹೊಸಬರು ಉಸಿರು ಕಟ್ಟುವ ಹಾಗೆ ಸುಮ್ನೆ ಪೀಪೀ ಅಂತ ಊದುತ್ತಲೇ ಇರುತ್ತಾರೆ. ಹತ್ತು ನಿಮಿಷ ಆದರೆ ಡ್ರೈವರುಗಳಿಗೆ ಅದು ಹಾರ್ನಿನ ಹಾಗೆಯೇ, ಕಿವಿಗೆ ಬೀಳೋದಿಲ್ಲ. ಕೈ ತೋರಿಸಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಆಮೇಲೆ ಒಂದು ಊದಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೂ ಇದು ನಡೆಯುತ್ತದೆ. ನಾನು ಅಲ್ಲಿ ನಿಂತವಳು.

ಸೀಟಿಯ ಒಳಗಿನ ಗೋಲಿ ಎಂಜಲಿಗೆ ಅಂಟಿಕೊಳ್ಳುತ್ತದೆ. ಆಗ ಸ್ವರ ಬರೋದಿಲ್ಲ, ಬರೀ ಗಾಳಿ ಬುಸ್ ಅನ್ನುತ್ತದೆ. ಹಾಗಾದರೆ ತಲೆಕೆಳಗೆ ಹಿಡಿದು ಅಂಗೈಗೆ ಎರಡು ಸಲ ತಟ್ಟಿ. ದಿನಾ ರಾತ್ರಿ ಬಿಸಿನೀರಲ್ಲಿ ತೊಳೆದು ಬಾಯಿ ಕೆಳಗೆ ಮಾಡಿ ಒಣಗಿಸಿ. ಬೇರೆಯವರದು ಊದಬೇಡಿ, ನಿಮ್ಮದನ್ನು ಕೊಡಲೂಬೇಡಿ. ದಾರ ಭುಜದಿಂದ ಜೇಬಿಗೆ ಬಂದಿರಲಿ, ಕುತ್ತಿಗೆಗೆ ನೇತುಹಾಕಬೇಡಿ. ಗಲಾಟೆಯಲ್ಲಿ ಯಾರಾದರೂ ಹಿಡಿದೆಳೆದರೆ ಅದೇ ನೇಣಾಗುತ್ತದೆ.

ಲಾಠಿಯನ್ನು ಎಲ್ಲರೂ ಹೊಡೆಯುವ ಸಾಮಾನು ಅಂದುಕೊಂಡಿದ್ದಾರೆ. 32 ವರ್ಷದಲ್ಲಿ ನಾನು ಅದನ್ನು ಜಾಸ್ತಿ ಬಳಸಿದ್ದು ಬೇಲಿಯ ಹಾಗೆ. ಎರಡೂ ಕೈಯಲ್ಲಿ ಅಡ್ಡ ಹಿಡಿದು, ಪಕ್ಕದವರ ಲಾಠಿಗೆ ತಾಗಿಸಿ ನಿಂತರೆ ಐದು ಜನ ಸೇರಿ ಒಂದು ಗೇಟು ಆಗುತ್ತೀರಿ. ಹೊಸ ವರ್ಷದ ಹಿಂದಿನ ರಾತ್ರಿ ಬ್ರಿಗೇಡ್ ರೋಡಿನಲ್ಲಿ ಹೆಣ್ಣುಮಕ್ಕಳನ್ನು ಗುಂಪಿನಿಂದ ಹೊರಗೆ ಕರೆದುಕೊಂಡು ಬಂದದ್ದು ಹೀಗೇ. ಎದೆಯ ಎತ್ತರಕ್ಕೆ ಹಿಡಿಯಬೇಡಿ, ತಳ್ಳಾಟದಲ್ಲಿ ಗಂಟಲಿಗೆ ಹೋಗುತ್ತದೆ. ಸೊಂಟದ ಎತ್ತರ ಸಾಕು. ಮೇಲಿನವರ ಆದೇಶ ಬಂದು ಬಳಸಲೇಬೇಕಾಗಿ ಬಂದರೆ ಪೆಟ್ಟು ಕಾಲಿಗೆ. ತಲೆಗೆ, ಎದೆಗೆ ಯಾವ ಕಾರಣಕ್ಕೂ ಇಲ್ಲ. ಓಡುವ ಬೈಕಿಗೆ ಅಡ್ಡ ಚಾಚೋದು, ಎಸೆಯೋದು ಮಾತ್ರ ಮಾಡಲೇಬೇಡಿ. ಹೆಲ್ಮೆಟ್ ಹಾಕದವನಿಗೆ ಈ ರಾಜ್ಯದಲ್ಲಿ ದಂಡ 500 ರೂಪಾಯಿ. ಅಷ್ಟಕ್ಕೆ ಒಬ್ಬರ ತಲೆ ಒಡೆಯುತ್ತಾರಾ? ನಂಬರ್ ಬರೆದುಕೊಳ್ಳಿ, ಫೋಟೋ ತೆಗೀರಿ, ನೋಟಿಸು ಮನೆಗೆ ಹೋಗುತ್ತದೆ.

ಬಿದಿರಿನ ಲಾಠಿಗೆ ತಿಂಗಳಿಗೊಮ್ಮೆ ಎಣ್ಣೆ ಸವರಿ. ಹಿಡಿಯುವ ಮೊದಲು ಬಟ್ಟೆಯಿಂದ ಉದ್ದಕ್ಕೂ ಒರೆಸಿ. ಸಿಬಿರು ಎದ್ದಿದ್ದರೆ ಬಟ್ಟೆಗೆ ಸಿಕ್ಕುತ್ತದೆ, ಇಲ್ಲವಾದರೆ ನಿಮ್ಮ ಅಂಗೈಗೆ. ಸೀಳು ಬಿಟ್ಟ ಲಾಠಿ ವಾಪಸ್ ಕೊಟ್ಟುಬಿಡಿ. ಫೈಬರ್ ಲಾಠಿಗೆ ಈ ಆರೈಕೆ ಬೇಡ, ಆದರೆ ಬೆವರಿಗೆ ಜಾರುತ್ತದೆ.

ಬಾಡಿ ಕ್ಯಾಮೆರಾ ಬಂದಾಗ ನಮ್ಮವರಲ್ಲೇ ಎಷ್ಟೋ ಜನ ಮುಖ ಸಿಂಡರಿಸಿದರು. ನಾನು ಹೇಳೋದು, ಅದು ನಿಮ್ಮ ಕಡೆಯ ಸಾಕ್ಷಿ. ಜಗಳ ಶುರುವಾದ ಮೇಲೆ ಆನ್ ಮಾಡಿದರೆ ಮೊದಲು ಯಾರು ಬೈದರು ಅನ್ನೋದೇ ಇರೋದಿಲ್ಲ. ಗಾಡಿ ಹತ್ತಿರ ಹೋಗುವ ಮೊದಲೇ ಆನ್ ಮಾಡಿ, "ನಮಸ್ಕಾರ ಸರ್, ರೆಕಾರ್ಡ್ ಆಗ್ತಿದೆ" ಅನ್ನಿ. ಅಷ್ಟು ಹೇಳಿದರೆ ಅರ್ಧ ಜನರ ದನಿ ತಾನಾಗಿ ಇಳಿಯುತ್ತದೆ. ನಮ್ಮ ದನಿಯೂ ಇಳಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಹೊಸಬರು ಮಾಡುವ ದೊಡ್ಡ ತಪ್ಪು ಅಂದರೆ ಶರ್ಟಿಗೆ ಕ್ಯಾಮೆರಾ ಹಾಕಿ, ಮೇಲೆ ರಿಫ್ಲೆಕ್ಟರ್ ಜಾಕೆಟ್ ತೊಟ್ಟುಬಿಡೋದು. ಎಂಟು ಗಂಟೆ ಹಸಿರು ಬಟ್ಟೆಯ ವಿಡಿಯೋ ಬರುತ್ತದೆ. ಜಾಕೆಟ್ಟಿನ ಮೇಲೆ, ಎದೆಯ ನಡುವೆ ಸಿಕ್ಕಿಸಿ. ಎದುರಿಗೆ ಜೊತೆಯವರನ್ನು ನಿಲ್ಲಿಸಿ, ಅವರ ಮುಖ ಕಾಣುತ್ತದಾ ಅಂತ ಒಮ್ಮೆ ನೋಡಿ.

ಚಲನ್ ಮೆಷಿನ್ನಿಗೆ ಒಂದು ಪೇಪರ್ ರೋಲ್ ಜಾಸ್ತಿ ಇಟ್ಟುಕೊಳ್ಳಿ, ಬಿಸಿಲಿಗೆ ಬಿಡಬೇಡಿ, ಆ ಪೇಪರ್ ಕಪ್ಪಾಗುತ್ತದೆ. ನಂಬರನ್ನು ಬಾಯಲ್ಲಿ ಹೇಳಿಕೊಂಡೇ ಒತ್ತಿ. ಕೆಎ 05 ಜಯನಗರ, ಕೆಎ 51 ಎಲೆಕ್ಟ್ರಾನಿಕ್ ಸಿಟಿ. ಒಂದು ಅಂಕಿ ಆಚೀಚೆ ಆದರೆ ಮನೆಯಲ್ಲಿ ಮಲಗಿದ್ದವರಿಗೆ ದಂಡ ಹೋಗುತ್ತದೆ.

ಕುಡಿದು ಗಾಡಿ ಓಡಿಸಿದ್ದಾರಾ ಅಂತ ಊದಿಸಿ ನೋಡುವ ಆಲ್ಕೋಮೀಟರಿನ ಕೆಲಸ ಇನ್ನೂ ಸೂಕ್ಷ್ಮ. 100 ಮಿಲಿ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ದಾಟಿದರೆ ಓಡಿಸಿದವನು ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ನಿಗೆ ಬೀಳುತ್ತಾನೆ. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಇಷ್ಟು ದೊಡ್ಡ ವಿಷಯ ಒಂದು ಉಸಿರಿನ ಮೇಲೆ ನಿಂತಿದೆ. ಅದಕ್ಕೆ ಪ್ರತಿಯೊಬ್ಬರಿಗೂ ಹೊಸ ಕೊಳವೆ, ಅವರ ಕಣ್ಣೆದುರೇ ಕವರ್ ಹರಿದು ಹಾಕಿ. ಈಗಷ್ಟೇ ಮೌತ್‌ವಾಶ್‌ನಿಂದ ಬಾಯಿ ಮುಕ್ಕಳಿಸಿದ್ದರೆ, ಅಥವಾ ಬಾರಿನಿಂದ ಆಗತಾನೇ ಹೊರಗೆ ಬಂದಿದ್ದರೆ, ಬಾಯಲ್ಲಿ ಉಳಿದದ್ದೇ ಲೆಕ್ಕಕ್ಕೆ ಬಂದು ನಂಬರು ಮೇಲೆ ಹೋಗುತ್ತದೆ. ಹದಿನೈದು ನಿಮಿಷ ಪಕ್ಕಕ್ಕೆ ಕೂರಿಸಿ ಆಮೇಲೆ ಊದಿಸಿ. ಊದುವಾಗ ನೀವು ಎದುರಿಗೆ ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ. ಯಾಕೆ ಅಂತ ಶನಿವಾರ ರಾತ್ರಿ ಡ್ಯೂಟಿ ಮಾಡಿದವರಿಗೆ ಗೊತ್ತು.

ಕೈಕೋಳ ಹಾಕೋದು ಕೈಗೆ ಸುಲಭ, ಕಾನೂನಿಗೆ ಕಷ್ಟ. ಸುಮ್ನೆ ಎಲ್ಲರಿಗೂ ಹಾಕುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಪ್ರೇಮ್ ಶಂಕರ್ ಶುಕ್ಲಾ ಕೇಸಿನಲ್ಲಿ ಹೇಳಿದೆ. 2022ರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ, ಕೋಳ ಹಾಕಿಸಿಕೊಂಡ ಒಬ್ಬ ಕಾನೂನು ವಿದ್ಯಾರ್ಥಿಗೆ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಹಳೇ ಅಪರಾಧ ಪ್ರಕ್ರಿಯೆ ಕಾನೂನಿನ (ಸಿಆರ್‌ಪಿಸಿ) ಬದಲು 2024ರ ಜುಲೈ 1ರಿಂದ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಸೆಕ್ಷನ್ನಿನಲ್ಲಿ ಯಾರಿಗೆ ಹಾಕಬಹುದು ಅಂತ ಪಟ್ಟಿ ಇದೆ. ಕಸ್ಟಡಿಯಿಂದ ತಪ್ಪಿಸಿಕೊಂಡವರು, ಪದೇ ಪದೇ ಅಪರಾಧ ಮಾಡುವವರು, ಕೊಲೆ, ಅತ್ಯಾಚಾರ, ಆಸಿಡ್ ದಾಳಿ ಅಂಥ ಕೇಸಿನವರು. ಹೊಸಬರು ತಾವಾಗಿ ತೀರ್ಮಾನ ಮಾಡಬೇಡಿ. ಸಾಹೇಬರನ್ನು ಕೇಳಿ, ಹಾಕಿದರೆ ಯಾಕೆ ಹಾಕಿದಿರಿ ಅಂತ ಬರೆದಿಡಿ. ಹಾಕುವಾಗ ಕೋಳಕ್ಕೂ ಮಣಿಕಟ್ಟಿಗೂ ನಡುವೆ ನಿಮ್ಮ ಒಂದು ಬೆರಳು ಆಡಬೇಕು. ಆಮೇಲೆ ಎರಡನೇ ಲಾಕ್ ಒತ್ತಿ, ಇಲ್ಲವಾದರೆ ಕೂತೆದ್ದಾಗಲೆಲ್ಲ ಬಿಗಿಯಾಗುತ್ತಾ ಹೋಗುತ್ತದೆ. ಕೀ ಮನೆಯ ಬೀಗದಕೈ ಗೊಂಚಲಲ್ಲಿ ಬೇಡ. ಎದೆಯ ಜೇಬಿನಲ್ಲಿ ಒಂದೇ ಇರಲಿ, ಇನ್ನೊಂದು ಜೊತೆಯವರ ಹತ್ತಿರ.

ಪಿಸ್ತೂಲಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ಕೊಟ್ಟರೆ ಗುಂಡು ಎಣಿಸಿ ತಗೊಳ್ಳಿ, ಎಣಿಸಿ ಕೊಡಿ, ರಿಜಿಸ್ಟರ್ ನೋಡದೆ ಸಹಿ ಹಾಕಬೇಡಿ.

ಇನ್ನು ನನ್ನ ಪುಸ್ತಕ. ಅಂಗೈ ಅಗಲದ್ದು, ಹಾಲಿನ ಕವರಿನಲ್ಲಿ ಸುತ್ತಿಟ್ಟದ್ದು. ನಂದಿನಿ ಕವರ್ ತೊಳೆದು ಒಣಗಿಸಿದರೆ ಅದಕ್ಕಿಂತ ಒಳ್ಳೆ ರೇನ್‌ಕೋಟು ಪುಸ್ತಕಕ್ಕೆ ಸಿಗೋದಿಲ್ಲ. ಎರಡು ಪೆನ್ನು, ಎರಡೂ ಬಾಲ್ ಪೆನ್. ಜೆಲ್ ಪೆನ್ನಿನಲ್ಲಿ ಬರೆದದ್ದು ಒಂದು ಹನಿ ನೀರು ಬಿದ್ದರೆ ಹರಡಿ ನೀಲಿ ಕೆರೆ ಆಗುತ್ತದೆ. ಏನೇ ಆದರೂ ಅಲ್ಲೇ ನಿಂತು ಬರೆಯಿರಿ: ಎಷ್ಟು ಗಂಟೆ, ಯಾವ ಅಂಗಡಿ ಎದುರು, ಬೀದಿ ದೀಪ ಉರಿಯುತ್ತಿತ್ತಾ, ಗಾಡಿ ಯಾವ ಕಡೆಯಿಂದ ಬಂತು. ಮೇಯೋ ಹಾಲ್ ಕೋರ್ಟಿನಲ್ಲಿ ನಾಲ್ಕು ವರ್ಷ ಆದ ಮೇಲೆ ವಕೀಲರು ನನ್ನನ್ನು ಕೇಳಿದ್ದು ಅದೇ, "ದೀಪ ಇತ್ತೇನಮ್ಮಾ?" ಅಂತ. ಪುಸ್ತಕದಲ್ಲಿ "ಕಂಬದ ದೀಪ ಇಲ್ಲ, ಮೆಡಿಕಲ್ ಅಂಗಡಿ ಬೆಳಕು" ಅಂತ ಇತ್ತು. ವಕೀಲರು ಮುಂದಿನ ಪ್ರಶ್ನೆಗೆ ಹೋದರು.

ಇಲಾಖೆ ಕೊಡದ, ಆದರೆ ನನ್ನ ಜೇಬಿನಲ್ಲಿ ಯಾವಾಗಲೂ ಇದ್ದ ಸಾಮಾನು ಸೀಮೆಸುಣ್ಣ. ಹೊಸೂರು ರೋಡಿನಲ್ಲಿ ಆಕ್ಸಿಡೆಂಟ್ ಆದರೆ ಗಾಡಿಗಳನ್ನು ಜಾಸ್ತಿ ಹೊತ್ತು ಬಿಡೋಕೆ ಆಗೋದಿಲ್ಲ, ಹಿಂದೆ ಕಿಲೋಮೀಟರುಗಟ್ಟಲೆ ಸಾಲು ನಿಂತಿರುತ್ತದೆ. ಗಾಯ ಆದವರನ್ನು 108ಕ್ಕೆ ಹತ್ತಿಸಿದ ಕೂಡಲೇ ನಾಲ್ಕೂ ಚಕ್ರದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮೊಬೈಲಿನಲ್ಲಿ ಫೋಟೋ ತೆಗೆದು, ಆಮೇಲೆ ಸರಿಸಬಹುದು. ಅದರ ಜೊತೆಗೆ ಎರಡು ಜೊತೆ ರಬ್ಬರ್ ಗ್ಲೌಸು, ಒಂದು ಶುಭ್ರವಾದ ಹಳೇ ಪಂಚೆಯ ತುಂಡು. ರಕ್ತ ಹರಿಯುವ ಕಡೆ ಮಡಿಸಿ ಒತ್ತಿ ಹಿಡಿಯೋಕೆ ಅದು ಸಾಕು. ಮೊಬೈಲಿನಲ್ಲಿ ಜಾಗ ಖಾಲಿ ಇಟ್ಟುಕೊಳ್ಳಿ. ಈಗ ಹೊಸ ಸಂಹಿತೆಯ 105ನೇ ಸೆಕ್ಷನ್ ಪ್ರಕಾರ ಶೋಧ, ಜಪ್ತಿ ಎಲ್ಲ ವಿಡಿಯೋ ಆಗಬೇಕು. ಪಂಚನಾಮೆ ನಡುವೆ "ಮೆಮೊರಿ ಫುಲ್" ಅಂತ ಬಂದರೆ ಮದುವೆ ಫೋಟೋ ಅಳಿಸುತ್ತಾ ಕೂರಬೇಕಾಗುತ್ತದೆ.

ಟೋಪಿಯ ವಿಷಯದಲ್ಲಿ ಈಗಿನವರು ಪುಣ್ಯವಂತರು. ಕಾನ್‌ಸ್ಟೇಬಲ್‌ಗಳ ಒಂದು ಕಡೆ ಅಂಚು ಮೇಲಕ್ಕೆ ಮಡಿಸಿದ ಹಳೇ ಸ್ಲೋಚ್ ಹ್ಯಾಟ್ ಮಳೆಗೆ ನೆನೆದು ಭಾರ, ಗಾಳಿಗೆ ಹಾರಿ ದೂರ. ಟೋಪಿ ಹಿಂದೆ ಓಡಿದ ಸಹೋದ್ಯೋಗಿಗಳನ್ನು ಎಷ್ಟು ನೋಡಿಲ್ಲ ನಾನು! 2025ರ ಅಕ್ಟೋಬರ್‌ನಲ್ಲಿ ಅದು ಹೋಗಿ ಕಡುನೀಲಿ ಪೀಕ್ ಕ್ಯಾಪ್ ಬಂತು. ಕೂದಲಿನ ಗಂಟು ಸ್ವಲ್ಪ ಕೆಳಗೆ ಕಟ್ಟಿದರೆ ಕ್ಯಾಪ್ ಸರಿಯಾಗಿ ಕೂರುತ್ತದೆ.

ರಾತ್ರಿ ಮನೆಗೆ ಬಂದು ಮಲಗುವ ಮೊದಲು ಹತ್ತು ನಿಮಿಷದ ಕೆಲಸ. ಮೊಬೈಲು, ಪವರ್ ಬ್ಯಾಂಕು, ಟಾರ್ಚು ಚಾರ್ಜಿಗೆ. ಸೀಟಿ ಬಿಸಿನೀರಿಗೆ. ಜೇಬಿನಲ್ಲಿ ಉಳಿದ ಚೀಟಿ ಪುಸ್ತಕದ ಒಳಗೆ. ಜಾಕೆಟ್ ಒಗೆಯಬೇಡಿ, ಒದ್ದೆ ಬಟ್ಟೆಯಲ್ಲಿ ಪಟ್ಟಿಗಳನ್ನು ಒರೆಸಿ. ಧೂಳು ಕೂತರೆ ಹೆಡ್‌ಲೈಟಿಗೆ ಹೊಳೆಯೋದಿಲ್ಲ. ಇಷ್ಟು ಹೇಳಿ ತಿರುಗಿ ನೋಡಿದರೆ ನಮ್ಮ ಹುಡುಗಿ ಚಾಪೆ ಮೇಲೆ, ಲಾಠಿ ಪಕ್ಕದಲ್ಲೇ ನಿದ್ದೆ ಹೋಗಿದ್ದಳು. ಅವಳ ಶೂ ಮಳೆಗೆ ನೆಂದಿತ್ತು. ಒಳಗೆ ಹಳೇ ಪೇಪರ್ ತುರುಕಿ ಬಾಗಿಲ ಹತ್ತಿರ ನಿಲ್ಲಿಸಿಟ್ಟೆ.